ಸೆರಗಿನ ಕೆಂಪು ಒಡಲಿಗೆ ಹತ್ತಿದರೆ ವಿಶ್ವವಿದ್ಯಾಲಯ ಏನು ಮಾಡೀತು?

ಪ್ರಶ್ನೆ: ನಾವು ಇಳಕಲ್ಲಿನವರು. ಅಪ್ಪ, ಕಾಕಾ ಸೇರಿ ನಾಲ್ಕು ಕುಣಿಮಗ್ಗ ನಡೆಸುತ್ತಾರೆ. ನಾನು ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಫೋನಿನಲ್ಲೇ ಗಿರಾಕಿ ಹಿಡಿದು ಸೀರೆ ಕಳಿಸುತ್ತಿದ್ದೇನೆ. ಹೋದ ತಿಂಗಳು ಪುಣೆಯಿಂದ ಮೂರು ಸೀರೆ ವಾಪಸ್ ಬಂದವು. ಹತ್ತಿ ಒಡಲು, ಚಮಕಾ ಅಂದರೆ ಕೃತಕ ರೇಷ್ಮೆಯ ಸೆರಗು. ರಾತ್ರಿ ನೆನೆಸಿಟ್ಟು ಬೆಳಗ್ಗೆ ತೆಗೆದರೆ ಸೆರಗಿನ ಕೆಂಪೆಲ್ಲ ತಿಳಿಬಣ್ಣದ ಒಡಲಿಗೆ ಹತ್ತಿತ್ತಂತೆ. ಬಣ್ಣ ಹಾಕುವವರನ್ನು ಕೇಳಿದರೆ "ಉಪ್ಪಿನ ನೀರಾಗ ಅದ್ದಿ ತೆಗೀರಿ ಅಂತ ಹೇಳ್ರಿ" ಎಂದರು. ಹಿಂದೆ ಒಂದು ವಿಶ್ವವಿದ್ಯಾಲಯದವರು ಬಂದು ಮಗ್ಗದ ಫೋಟೋ ತೆಗೆದು, ತುಂಡು ಬಟ್ಟೆ ಒಯ್ದು, ಬಣ್ಣ ಗಟ್ಟಿ ಇದೆ ಅಂತ ಕಾಗದ ಕಳಿಸಿದ್ದರು. ಈಗ ಇನ್ನೊಂದು ತಂಡ ಬಂದಿದೆ. ನೈಸರ್ಗಿಕ ಬಣ್ಣ, ನ್ಯಾನೋ ಫಿನಿಶ್ ಹಾಕಿ ಹತ್ತು ಸೀರೆ ನೇಯೋಣ ಎನ್ನುತ್ತಾರೆ. ಅಪ್ಪ "ಅವರದು ಪಿಎಚ್‌ಡಿ ಆಗ್ತದ, ನಮ್ಮ ಮಗ್ಗ ಹಂಗ ಇರ್ತದ" ಅಂತ ಸಿಟ್ಟಾಗಿದ್ದಾರೆ. ಸೇರಿಕೊಳ್ಳಲೋ ಬೇಡವೋ? ಈ ಸಂಶೋಧನೆಯಿಂದ ನಮ್ಮಂಥವರಿಗೆ ನಿಜವಾಗಿ ಏನಾದರೂ ಸಿಗುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಹೆಣೆದುಕೊಂಡಿವೆ. ಒಂದು, ಸೆರಗು ಯಾಕೆ ಬಣ್ಣ ಬಿಟ್ಟಿತು. ಇನ್ನೊಂದು, ವಿಶ್ವವಿದ್ಯಾಲಯದವರನ್ನು ನಂಬಬೇಕೋ ಬೇಡವೋ. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದು ಅರ್ಧ ಬಗೆಹರಿದಂತೆ. ಆದರೂ ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಜವಳಿ ರಸಾಯನಶಾಸ್ತ್ರ ಕಲಿಸಿಯೇ ಹೊಟ್ಟೆ ಹೊರೆದವನು ನಾನು. ಆ ಮಾತು ನನಗೂ ನಾಟುತ್ತದೆ.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಎಂ.ಎಸ್ಸಿ. ವಿದ್ಯಾರ್ಥಿಗೆ ಇರುವುದು ಎರಡು ವರ್ಷ. ಅದರಲ್ಲಿ ಪ್ರಯೋಗಕ್ಕೆ ಸಿಗುವುದು ಕೆಲವೇ ತಿಂಗಳು. ಅಷ್ಟರಲ್ಲಿ ನಿಮ್ಮೂರಿಗೆ ಬಂದು, ಮಾದರಿ ಒಯ್ದು, ಪರೀಕ್ಷೆ ಮಾಡಿ, ಬರೆದು, ಒಪ್ಪಿಸಬೇಕು. ನೀವು ಆ ಫಲಿತಾಂಶಕ್ಕೆ ಕಾಯುವ ಹೊತ್ತಿಗೆ ಅವರು ಬೇರೆ ಊರಿನಲ್ಲಿ ಕೆಲಸದಲ್ಲಿರುತ್ತಾರೆ. ಹಾಗಂತ ಸಂಶೋಧನೆಯೆಲ್ಲ ಕಪಾಟಿಗೇ ಸೇರುತ್ತದೆ ಎಂದರೆ ಅದೂ ತಪ್ಪು, ನಮ್ಮ ಸೀಮೆಯಲ್ಲಂತೂ ದೊಡ್ಡ ತಪ್ಪು.

ವರಲಕ್ಷ್ಮಿ ಹತ್ತಿಯ ಹೆಸರನ್ನು ನಿಮ್ಮ ಅಜ್ಜನ ಕಾಲದವರು ಕೇಳಿರುತ್ತಾರೆ. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ.ಎಚ್. ಕಟರಕಿಯವರು 1972ರಲ್ಲಿ ಬಿಡುಗಡೆ ಮಾಡಿದ್ದು. ಆಗ ಧಾರವಾಡ ಇನ್ನೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆಳಗಿತ್ತು, ಪ್ರತ್ಯೇಕ ವಿಶ್ವವಿದ್ಯಾಲಯ ಆದದ್ದು 1986ರಲ್ಲಿ. ನಮ್ಮ ಲಕ್ಷ್ಮಿ ಹತ್ತಿಗೆ ಬಾರ್ಬಡೆನ್ಸ್ ಜಾತಿಯ, ಅಂದರೆ ಈಜಿಪ್ಟಿನ ಉದ್ದ ಎಳೆಯ ಹತ್ತಿಯ ಬಳಗದ ತಳಿಯೊಂದನ್ನು ಕೂಡಿಸಿ ಮಾಡಿದ್ದು. ಎರಡು ಬೇರೆ ಬೇರೆ ಜಾತಿಯ ಹತ್ತಿ ಕೂಡಿಸಿದ ಹೈಬ್ರಿಡ್ ಹೊಲಕ್ಕೆ ಇಳಿದದ್ದು ಜಗತ್ತಿನಲ್ಲೇ ಅದು ಮೊದಲು. 1981ರಲ್ಲಿ ಅದರ ಹಿಂದೆಯೇ ಜಯಲಕ್ಷ್ಮಿ, ರೈತರ ಬಾಯಲ್ಲಿ ಡಿಸಿಎಚ್ 32, ಬಂತು. ಸಣ್ಣ ನೂಲು ತೆಗೆಯಲು ಹೊರದೇಶದ ಹತ್ತಿಗೆ ಕೈಚಾಚುತ್ತಿದ್ದ ಗಿರಣಿಗಳಿಗೆ ಇಲ್ಲೇ ಉದ್ದ ಎಳೆ ಸಿಕ್ಕಿತು. ಇದರ ಬೀಜ ಮಾಡುವುದೇ ಒಂದು ಕಸುಬಾಯಿತು. ಹೆಣ್ಣುಮಕ್ಕಳು ಸಂಜೆ ಹೊತ್ತು ನಾಳೆ ಅರಳುವ ಮೊಗ್ಗು ಹುಡುಕಿ, ಉಗುರಿನಿಂದ ಕೇಸರ ಸುಲಿದು, ಮರುದಿನ ಬೆಳಗ್ಗೆ ಗಂಡು ಹೂವಿನ ಪರಾಗ ಮುಟ್ಟಿಸಿ ಗುರುತಿಗೆ ದಾರ ಕಟ್ಟುತ್ತಿದ್ದರು. ರಾಣೆಬೆನ್ನೂರಿನ ಸುತ್ತ ಈ ಕೆಲಸದ ಮೇಲೆಯೇ ಮನೆಗಳು ನಡೆದಿವೆ.

ಆದರೆ ಇದರಲ್ಲೇ ಒಂದು ಪಾಠವೂ ಇದೆ. ಹತ್ತಿ ಬೆಳೆದದ್ದು ನಾವು, ಆ ಉದ್ದ ಎಳೆಯನ್ನು ನೂಲು ಮಾಡಿ ಲಾಭ ಎಣಿಸಿದವರು ಬಹುಪಾಲು ಕೊಯಮತ್ತೂರಿನ ಕಡೆಯ ಗಿರಣಿಯವರು. ನಿಮ್ಮ ಮಗ್ಗಕ್ಕೆ ಬಂದದ್ದು ಲಡಿ ರೂಪದಲ್ಲಿ, ಅಂದರೆ ನೂಲಿನ ಕಟ್ಟಾಗಿ, ಅವರು ಹೇಳಿದ ದರಕ್ಕೆ. ಜೊತೆಗೆ ಆ ಹೈಬ್ರಿಡ್‌ಗಳಿಗೆ ಹುಳದ ಕಾಟ ಜಾಸ್ತಿ, ಔಷಧಿ ಖರ್ಚು ಜಾಸ್ತಿ. ಎರಿಭೂಮಿಯಲ್ಲಿ ಔಷಧಿಯ ಹಂಗಿಲ್ಲದೆ ಬರುತ್ತಿದ್ದ ಜಯಧರದಂಥ ದೇಸಿ ಹತ್ತಿ ಹಿಂದೆ ಸರಿಯಿತು. ಅಂದರೆ ಸಂಶೋಧನೆ ಊರಿಗೆ ಬರುತ್ತದೆ, ಅದರ ಲಾಭ ಮಾತ್ರ ಎಲ್ಲಿ ಇಳಿಯುತ್ತದೆ ಎಂಬುದು ಪ್ರಯೋಗಾಲಯದಲ್ಲಿ ತೀರ್ಮಾನ ಆಗುವುದಿಲ್ಲ. ನಿಮ್ಮ ಮುಂದೆ ಈಗ ಇರುವ ಹತ್ತು ಸೀರೆಯ ಯೋಜನೆಗೂ ಇದೇ ಮಾತು ಅನ್ವಯಿಸುತ್ತದೆ. ಅದಕ್ಕೆ ಆಮೇಲೆ ಬರೋಣ.

ಈಗ ಸೆರಗಿನ ವಿಷಯ. ಚಮಕಾ ಎಂದು ನಾವು ಕರೆಯುವುದು ವಿಸ್ಕೋಸ್ ರೇಯಾನ್, ಮರದ ತಿರುಳಿನಿಂದ ಮಾಡಿದ ನೂಲು. ರಾಸಾಯನಿಕವಾಗಿ ಹತ್ತಿಯ ಸೋದರಸಂಬಂಧಿ. ಹತ್ತಿಗೆ ಹಾಕುವ ಬಣ್ಣವೇ ಇದಕ್ಕೂ ಹತ್ತುತ್ತದೆ, ಆದರೆ ಇದು ಹತ್ತಿಗಿಂತ ಹೆಚ್ಚು ಬಣ್ಣ ಕುಡಿಯುತ್ತದೆ, ಬೇಗ ಕುಡಿಯುತ್ತದೆ. ದಾಳಿಂಬೆ ಕೆಂಪು ಅದರ ಮೇಲೆ ಅಷ್ಟು ಮಿಂಚುವುದು ಅದಕ್ಕೇ. ಕುಡಿದದ್ದೆಲ್ಲ ಎಳೆಯೊಳಗೆ ನಿಂತಿದೆಯೋ ಸುಮ್ಮನೆ ಕೂತಿದೆಯೋ, ತೊಂದರೆ ಇರುವುದು ಅಲ್ಲಿ.

ಬಣ್ಣದ ಅಂಗಡಿಯಲ್ಲಿ ಡೈರೆಕ್ಟ್, ರಿಯಾಕ್ಟಿವ್ ಎಂದು ಎರಡು ಬಗೆ ಕೇಳಿರುತ್ತೀರಿ. ಡೈರೆಕ್ಟ್ ಬಣ್ಣ ಅಗ್ಗ. ನೀರು ಕಾಯಿಸಿ ಉಪ್ಪು ಹಾಕಿ ನೂಲು ಅದ್ದಿದರೆ ಕೆಲಸ ಮುಗಿಯಿತು. ಆದರೆ ಎಳೆಗೂ ಅದಕ್ಕೂ ಗಂಟು ಬಿದ್ದಿರುವುದಿಲ್ಲ, ಪಕ್ಕದಲ್ಲಿ ಕೂತಿರುತ್ತದೆ ಅಷ್ಟೆ. ನೀರು ಸಿಕ್ಕರೆ ಎದ್ದು ಹೊರಡುತ್ತದೆ. ರಿಯಾಕ್ಟಿವ್ ಬಣ್ಣ ಸೋಡಾ ಹಾಕಿದಾಗ ಎಳೆಗೆ ನಿಜವಾಗಿ ಬೆಸೆದುಕೊಳ್ಳುತ್ತದೆ. ಆದರೆ ಪಾತ್ರೆಗೆ ಹಾಕಿದ್ದೆಲ್ಲ ಬೆಸೆಯುವುದಿಲ್ಲ. ಐದರಲ್ಲಿ ಒಂದು ಪಾಲು, ಕೆಲವೊಮ್ಮೆ ಎರಡು ಪಾಲು, ಎಳೆಯ ಬದಲು ನೀರಿನ ಜೊತೆಯೇ ಸೇರಿ ಕೆಲಸಕ್ಕೆ ಬಾರದೆ ಹೋಗುತ್ತದೆ. ಅದು ನೂಲಿನಲ್ಲಿ ಕೂತಿದ್ದರೂ ಅದಕ್ಕೆ ಹಿಡಿತವಿಲ್ಲ. ಅದನ್ನು ಕುದಿವ ಸಾಬೂನಿನ ನೀರಿನಲ್ಲಿ ತೊಳೆದು ತೆಗೆಯಲೇಬೇಕು. ಸೋಪಿಂಗ್ ಎನ್ನುವುದು ಇದಕ್ಕೇ. ಬಣ್ಣದ ಕೆಲಸದಲ್ಲಿ ಎಲ್ಲರೂ ಕೈ ಬಿಡುವ ಹಂತವೂ ಇದೇ, ಯಾಕೆಂದರೆ ನೂಲು ಆಗಲೇ ಚಂದ ಕಾಣುತ್ತಿರುತ್ತದೆ, ಸೌದೆ, ಗ್ಯಾಸು, ನೀರು ಸುಮ್ಮನೆ ಯಾಕೆ ಖರ್ಚು ಎನಿಸುತ್ತದೆ. ಲೆಕ್ಕ ಹಾಕಿ ನೋಡಿ. ಕೆಜಿ ನೂಲಿಗೆ ಒಂದು ಸಲಕ್ಕೆ ಇಪ್ಪತ್ತು ಲೀಟರ್ ನೀರು ಎಂದರೂ ಐದಾರು ಸಲದ ತೊಳೆತಕ್ಕೆ ನೂರರಿಂದ ನೂರಿಪ್ಪತ್ತು ಲೀಟರ್. ಇಳಕಲ್ಲಿನ ಬೇಸಿಗೆಯಲ್ಲಿ ಅದು ಸಣ್ಣ ಮಾತಲ್ಲ. ನಿಮ್ಮ ಬಣ್ಣದವರನ್ನು ಬೈಯುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಯಾವ ಬಣ್ಣ ಎಂದು ಮನೆಯಲ್ಲೇ ಪತ್ತೆ ಹಚ್ಚಬಹುದು. ಸೆರಗಿಗೆ ಬಳಸಿದ ಚಮಕಾ ನೂಲಿನ ಒಂದು ಸಣ್ಣ ಕುಚ್ಚು ಕತ್ತರಿಸಿ. ಅದರ ಜೊತೆ ಬಣ್ಣ ಹಾಕದ ಬಿಳಿ ಹತ್ತಿ ನೂಲು ಕಟ್ಟಿ. ಸಾಬೂನಿನ ನೀರಿನಲ್ಲಿ ಹದಿನೈದು ನಿಮಿಷ ಕುದಿಸಿ. ಆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಕಿಟಕಿಯಲ್ಲಿ ಇಡಿ. ಹೊಸ ನೀರು, ಹೊಸ ಬಿಳಿ ನೂಲು, ಮತ್ತೆ ಹದಿನೈದು ನಿಮಿಷ. ಹೀಗೆ ಮೂರು ಸಲ. ಮೂರು ಲೋಟ ಸಾಲಾಗಿ ಇಟ್ಟು ಬೆಳಕಿಗೆ ಹಿಡಿದು ನೋಡಿ. ಮೊದಲನೆಯದು ರಕ್ತದ ಹಾಗೆ, ಎರಡನೆಯದು ತಿಳಿ ಗುಲಾಬಿ, ಮೂರನೆಯದು ಬರಿ ಸಾಬೂನಿನ ನೀರಿನ ಹಾಗೆ ಇದ್ದರೆ ನಿಮ್ಮದು ರಿಯಾಕ್ಟಿವ್ ಬಣ್ಣ, ಸೋಪಿಂಗ್ ಸಾಲದಾಗಿದೆ ಅಷ್ಟೆ. ಮೂರೂ ಲೋಟ ಒಂದೇ ಕೆಂಪಾಗಿದ್ದು, ಮೂರನೆಯ ಬಿಳಿ ನೂಲಿಗೂ ಬಣ್ಣ ಹತ್ತಿದ್ದರೆ ಅದು ಡೈರೆಕ್ಟ್. ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಬಣ್ಣವನ್ನೇ ಬದಲಿಸಬೇಕು.

ಉಪ್ಪಿನ ನೀರಿನ ಮಾತಿಗೆ ಬರುತ್ತೇನೆ. ಇದನ್ನು ನಮ್ಮ ಮನೆಗಳಲ್ಲಿ ತಲೆಮಾರಿನಿಂದ ಹೇಳುತ್ತಾ ಬಂದಿದ್ದೇವೆ. ಬಣ್ಣ ಹಾಕುವಾಗ ಉಪ್ಪು ಬೇಕೇ ಬೇಕು, ನೀರಿನಲ್ಲಿರುವ ಬಣ್ಣವನ್ನು ಅದು ನೂಲಿನ ಕಡೆ ತಳ್ಳುತ್ತದೆ. ಸೀರೆ ಆದಮೇಲೆ ಉಪ್ಪಿನ ನೀರಲ್ಲಿ ಅದ್ದಿದರೆ ಆ ನೀರಿನಲ್ಲಿ ಮಾತ್ರ ಬಣ್ಣ ಬಿಡುವುದು ಕಡಿಮೆ ಕಾಣುತ್ತದೆ. ಮುಂದಿನ ಸಲ ಸಪ್ಪೆ ನೀರಿಗೆ ಬಿದ್ದಾಗ ಹಳೆಯ ಕಥೆಯೇ. ಗಿರಾಕಿಗೆ ಆ ಸಲಹೆ ಕೊಡಬೇಡಿ. ಅಷ್ಟೇ ಅಲ್ಲ, ಬಣ್ಣದ ಮನೆಯಲ್ಲೂ ಸೋಪಿಂಗ್‌ಗೆ ಮೊದಲು ಎರಡು ಸಲ ತಣ್ಣೀರಲ್ಲಿ ಜಾಲಿಸಿ ಉಪ್ಪನ್ನು ತೆಗೆಯಬೇಕು. ಉಪ್ಪು ಉಳಿದಿದ್ದರೆ ಸಡಿಲ ಬಣ್ಣ ನೂಲು ಬಿಟ್ಟು ಬರುವುದೇ ಇಲ್ಲ. ಸೋಪಿಂಗ್ ಮಾಡಿಯೂ ಬಣ್ಣ ಬಿಡುತ್ತದೆ ಎನ್ನುವವರಲ್ಲಿ ಸುಮಾರು ಜನ ಎಡವುವುದು ಇಲ್ಲೇ.

ಎಡವಲು ಇನ್ನೊಂದು ಜಾಗ ಇದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಿಮ್ಮ ಕಡೆಯ ಒಂದು ಊರಲ್ಲಿ ಬಣ್ಣದವರೊಬ್ಬರ ಮನೆಗೆ ಹೋಗುತ್ತಿದ್ದೆ. ಅವರು ಉಪ್ಪನ್ನು ಮುಷ್ಟಿಯಲ್ಲಿ ಅಳೆದು ಹಾಕುತ್ತಿದ್ದರು. ಇದೇ ತಪ್ಪಿರಬೇಕು ಎಂದು ನಾನು ತಕ್ಕಡಿ ಒಯ್ದೆ. ಹತ್ತು ಮುಷ್ಟಿ ತೂಗಿಸಿದೆ. ಹತ್ತೂ ಹೆಚ್ಚುಕಡಿಮೆ ಒಂದೇ ತೂಕ! ಅವರು ನಕ್ಕು, "ಸರ, ಮುಷ್ಟಿ ಬಿಡ್ರಿ, ಬ್ಯಾಸಗ್ಯಾಗ ಅಷ್ಟ ಬಣ್ಣ ಬಿಡ್ತದ, ಯಾಕ ಅನ್ನೂದು ಹೇಳ್ರಿ" ಎಂದರು. ನಾನು ಆ ಮಾತನ್ನು ಬರೆದುಕೊಳ್ಳಲೂ ಇಲ್ಲ. ನನ್ನ ವಿಷಯ ಬೇರೆ ಇತ್ತು. ಬಹಳ ದಿನದ ಮೇಲೆ ಹೊಳೆಯಿತು: ಮಳೆಗಾಲದಲ್ಲಿ ಅವರು ಬಳಸುತ್ತಿದ್ದುದು ಬಾವಿಯ ನೀರು, ಬೇಸಿಗೆಯಲ್ಲಿ ಬೋರ್‌ವೆಲ್‌ನದು. ಗಡಸು ನೀರಿನ ಸುಣ್ಣದ ಅಂಶ ಸಾಬೂನನ್ನು ತಿಂದುಹಾಕುತ್ತದೆ, ಸಡಿಲ ಬಣ್ಣವನ್ನು ನೂಲಿಗೆ ಅಂಟಿಸಿ ಕೂರಿಸುತ್ತದೆ. ಅದಕ್ಕೆ ಬಣ್ಣದ ಅಂಗಡಿಯಲ್ಲೇ ಸಿಗುವ, ನೀರು ಮೆದುಗೊಳಿಸುವ ಪುಡಿ ಸ್ವಲ್ಪ ಹಾಕಿದರೆ ಸಾಕಿತ್ತು. ಸಂಶೋಧನೆಯ ಪ್ರಶ್ನೆ ಅವರ ಬಾಯಲ್ಲಿತ್ತು, ನಾನು ತಕ್ಕಡಿ ಹಿಡಿದು ಕೂತಿದ್ದೆ.

ಇನ್ನು ನಿಮಗೆ ಬಂದ ಆ ಕಾಗದ. ಬಣ್ಣ ಗಟ್ಟಿ ಇದೆ ಎಂದು ಬರೆದವರು ಸುಳ್ಳು ಬರೆದಿರಲಿಕ್ಕಿಲ್ಲ. ಸಾಮಾನ್ಯ ಒಗೆತದ ಪರೀಕ್ಷೆಯಲ್ಲಿ ಹತ್ತು ಸೆಂಟಿಮೀಟರ್ ಉದ್ದ, ನಾಲ್ಕು ಅಗಲದ ತುಂಡಿಗೆ ಬಿಳಿ ಬಟ್ಟೆ ಹೊಲಿದು, ನಲವತ್ತು ಡಿಗ್ರಿಯ ಸಾಬೂನು ನೀರಿನಲ್ಲಿ ಅರ್ಧ ಗಂಟೆ ತಿರುಗಿಸುತ್ತಾರೆ. ಆಮೇಲೆ ಬಿಳಿ ಬಟ್ಟೆಗೆ ಎಷ್ಟು ಬಣ್ಣ ಹತ್ತಿತು ಎಂದು ಬೂದು ಬಣ್ಣದ ಅಳತೆಪಟ್ಟಿ ಪಕ್ಕಕ್ಕಿಟ್ಟು ಒಂದರಿಂದ ಐದರವರೆಗೆ ಅಂಕ ಕೊಡುತ್ತಾರೆ. ಐದು ಎಂದರೆ ಕಲೆಯೇ ಇಲ್ಲ. ಆದರೆ ನಿಮ್ಮ ಪುಣೆಯ ಗಿರಾಕಿ ಮಾಡಿದ್ದು ಅದಲ್ಲ. ಸೀರೆ ರಾತ್ರಿಯಿಡೀ ಒದ್ದೆಯಾಗಿ, ಸೆರಗಿಗೆ ಒಡಲು ಒತ್ತಿಕೊಂಡು ಬಿದ್ದಿತ್ತು. ಅದಕ್ಕೆ ಬೇರೆಯೇ ಪರೀಕ್ಷೆ ಇದೆ: ತುಂಡನ್ನು ನೀರಲ್ಲಿ ತೋಯಿಸಿ, ಬಿಳಿ ಬಟ್ಟೆಯ ಜೊತೆ ಎರಡು ಹಲಗೆ ನಡುವೆ ಭಾರ ಹೇರಿ, ಮೈ ಬಿಸಿಯಷ್ಟು ಶಾಖದಲ್ಲಿ ನಾಲ್ಕು ಗಂಟೆ ಇಡುವುದು. ಒಗೆತದಲ್ಲಿ ನಾಲ್ಕು ಅಂಕ ತೆಗೆದ ಸೆರಗು ಇದರಲ್ಲಿ ಎರಡಕ್ಕೆ ಇಳಿಯುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇಳಕಲ್ ಸೀರೆಗೆ ಈ ಪರೀಕ್ಷೆಯೇ ಮುಖ್ಯ, ಕಡು ಸೆರಗು ತಿಳಿ ಒಡಲು ಒಂದೇ ಮಡಿಕೆಯಲ್ಲಿ ಕೂರುವ ಸೀರೆ ಅದು. ಜೊತೆಗೆ, ಕಾಗದ ಆ ತುಂಡಿಗೆ ಮಾತ್ರ ಅನ್ವಯ. ಆ ನಂತರ ನಿಮ್ಮಲ್ಲಿಗೆ ಎಷ್ಟು ಸಲ ಹೊಸ ನೂಲು ಬಂದಿದೆ?

ಒಂದು ಅಡ್ಡ ಮಾತು, ಕೇಳದಿದ್ದರೂ ಹೇಳುತ್ತೇನೆ. ಹತ್ತಿ ಒದ್ದೆಯಾದರೆ ಇನ್ನಷ್ಟು ಗಟ್ಟಿಯಾಗುತ್ತದೆ, ಚಮಕಾ ಒದ್ದೆಯಾದರೆ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಡಲಿನ ಹಾಸಿಗೂ (ಉದ್ದಕ್ಕೆ ಹೂಡಿದ ಎಳೆಗಳಿಗೂ) ಸೆರಗಿನ ಹಾಸಿಗೂ ಕೊಂಡಿ ಹಾಕುವ ನಿಮ್ಮ ಟೋಪ ತೆನಿ ಇದೆಯಲ್ಲ, ಆ ಜಾಗದಲ್ಲಿ ಒದ್ದೆ ಸೀರೆ ಹಿಂಡಿದರೆ ಗಟ್ಟಿ ಎಳೆ ಮೆತ್ತನೆಯ ಎಳೆಯನ್ನು ಜಗ್ಗುತ್ತದೆ. "ಹಿಂಡಬೇಡಿ" ಎಂದು ಡಬ್ಬಿಯಲ್ಲಿ ಚೀಟಿ ಇಡಿ.

ಈಗ ಆ ಹೊಸ ತಂಡ ಮುಂದಿಟ್ಟ ಮಾತು. ನೈಸರ್ಗಿಕ ಬಣ್ಣ ಎಂದರೆ ಬಿಡುವುದಿಲ್ಲ, ವಿಷವಿಲ್ಲ ಎಂಬ ಎರಡು ನಂಬಿಕೆ ಓಡಾಡುತ್ತಿವೆ. ಎರಡೂ ಅರ್ಧ ಸತ್ಯ. ಮಂಜಿಷ್ಠದ ಕೆಂಪು, ನೀಲಿ ಗಿಡದ ನೀಲಿ ಸರಿಯಾಗಿ ಹಾಕಿದರೆ ಚೆನ್ನಾಗಿ ನಿಲ್ಲುತ್ತವೆ. ಅರಿಶಿನದ ಹಳದಿ ಬಿಸಿಲಿಗೆ ಓಡಿಹೋಗುತ್ತದೆ. ಹತ್ತಿಗೂ ಚಮಕಾಗೂ ಗಿಡದ ಬಣ್ಣ ಹಿಡಿಯಬೇಕಾದರೆ ಮೊದಲು ಅಳಲೆಕಾಯಿಯ ಒಗರು, ಮೇಲೆ ಪಟಕ ಬೇಕು. ಕೆಲವರು ಬಣ್ಣ ಗಾಢವಾಗಲಿ ಎಂದು ಮೈಲುತುತ್ತ, ಅಂದರೆ ತಾಮ್ರದ ಲವಣ, ಹಾಕುತ್ತಾರೆ. ಆ ನೀರು ಗಟಾರಕ್ಕೆ ಹೋದರೆ ಅದನ್ನು ಯಾವ ಬಾಯಿಂದ ನೈಸರ್ಗಿಕ ಎನ್ನುವುದು? ಅಳಲೆಕಾಯಿಗೆ ಕಬ್ಬಿಣ ಕೂಡಿಸಿದರೆ ಚಂದದ ಕಪ್ಪು ಬರುತ್ತದೆ, ಚಂದ್ರಕಾಳಿ ಎನ್ನುವ ಕಪ್ಪು ಸೀರೆಗೆ ಆಸೆಯಾಗುವಂಥದ್ದು, ಆದರೆ ವರ್ಷಗಳು ಕಳೆದಂತೆ ಆ ಕಪ್ಪೇ ಹತ್ತಿಯ ಎಳೆಯನ್ನು ತಿನ್ನುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು ಎಂದರೆ, ಮಂಜಿಷ್ಠ ಕೊಡುವುದು ಇಟ್ಟಿಗೆ ಕೆಂಪು. ನಿಮ್ಮ ದಾಳಿಂಬೆ ಕೆಂಪು ಅಲ್ಲ. ಈ ತಿಂಗಳ ಕೆಂಪಿಗೆ ಮುಂದಿನ ತಿಂಗಳ ಕೆಂಪು ಹೊಂದುವುದೂ ಇಲ್ಲ. ಸೀರೆ ನೋಡಿ ಕೊಳ್ಳುವ ಗಿರಾಕಿಗೆ ಅದು ನಡೆದೀತು, ಫೋನಿನಲ್ಲಿ ಫೋಟೋ ನೋಡಿ ತರಿಸುವವರಿಗೆ ನಡೆಯುವುದಿಲ್ಲ.

ಧಾರವಾಡದಲ್ಲಿ ಗಿಡದಲ್ಲೇ ಕಂದು ಬಣ್ಣ ಬಿಡುವ ಹತ್ತಿ ತಳಿಯ ಮೇಲೂ ಕೆಲಸ ನಡೆದಿದೆ. ಬಣ್ಣವೇ ಹಾಕಬೇಕಿಲ್ಲ, ಒಗೆದಷ್ಟೂ ಕಂದು ಗಾಢವಾಗುತ್ತದೆ. ಒಡಲಿಗೆ ಒಂದೆರಡು ಸೀರೆ ಮಾಡಿ ನೋಡಲು ಚೆನ್ನ. ಆದರೆ ಎಳೆ ಗಿಡ್ಡ, ನೂಲು ದಪ್ಪ, ಬಣ್ಣ ಒಂದೇ.

ನ್ಯಾನೋ ಫಿನಿಶ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸಾಮಾನ್ಯವಾಗಿ ಅದು ಬೆಳ್ಳಿಯದೋ ಸತುವಿನದೋ ಸೂಕ್ಷ್ಮ ಕಣ ಹಾಕಿ ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡುವುದು. ಆಸ್ಪತ್ರೆಯ ಬಟ್ಟೆಗೆ ಬೇಕು. ಮದುವೆಗೆ ಉಡುವ ಇಳಕಲ್ ಸೀರೆಗೆ ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹಾಗಾದರೆ ಸೇರಿಕೊಳ್ಳಬೇಕೇ? ಸೇರಿಕೊಳ್ಳಿ, ಆದರೆ ಅವರ ಪ್ರಶ್ನೆಯ ಜೊತೆಗೆ ನಿಮ್ಮ ಪ್ರಶ್ನೆಯನ್ನೂ ಅವರ ಕೈಗೆ ಕೊಟ್ಟು. "ಹತ್ತು ಸೀರೆಯಲ್ಲಿ ಐದು ನಿಮ್ಮ ಬಣ್ಣಕ್ಕೆ, ಐದು ನಮ್ಮ ಬಣ್ಣದವರ ಕೆಂಪನ್ನೇ ಸರಿಪಡಿಸಲಿಕ್ಕೆ" ಎಂದು ಕೇಳಿ. ಅದಕ್ಕೆ ಒಪ್ಪದ ತಂಡ ನಿಮ್ಮ ಮಗ್ಗವನ್ನು ಹಿನ್ನೆಲೆಯ ಚಿತ್ರವಾಗಿ ಬಳಸುತ್ತಿದೆ ಎಂದೇ ನನ್ನ ಅನುಮಾನ. ಆ ಹತ್ತು ಸೀರೆಗೆ ನೂಲು ಯಾರದು, ಮಗ್ಗ ನಿಂತ ದಿನಗಳ ಕೂಲಿ ಯಾರದು, ಸೀರೆ ಕೆಟ್ಟರೆ ನಷ್ಟ ಯಾರಿಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿ. ಪ್ರಯೋಗದ ಖರ್ಚಿನ ಲೆಕ್ಕದಲ್ಲಿ ಬಣ್ಣದ ಗ್ರಾಂ ಇರುತ್ತದೆ, ನಿಮ್ಮ ಕಾಕಾ ಮಗ್ಗ ಬಿಟ್ಟು ಕೂತ ಮಂಗಳವಾರ ಇರುವುದಿಲ್ಲ.

ದಡಿಯ ವಿನ್ಯಾಸ, ಸೆರಗಿನ ತೆನಿಯ ಚಿತ್ತಾರ ಕಂಪ್ಯೂಟರಿಗೆ ಏರಿಸುತ್ತೇವೆ ಎಂದರೆ ಅಲ್ಲಿ ಎಚ್ಚರ. ಒಮ್ಮೆ ಫೈಲ್ ಆದರೆ ಅದು ಪವರ್‌ಲೂಮ್‌ಗೂ ಹೋಗಬಹುದು, ಪ್ರಿಂಟಿಗೂ ಹೋಗಬಹುದು. ಇಳಕಲ್ ಸೀರೆಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ ನಿಜ, ಆದರೆ ಆ ಹೆಸರನ್ನು ಬಳಸುವ ಅಧಿಕೃತ ಬಳಕೆದಾರ ಎಂದು ನೀವು ನೀವಾಗಿ ನೋಂದಾಯಿಸಿಕೊಂಡಿದ್ದರೇ ಅದು ನಿಮ್ಮ ಕೈಯ ಅಸ್ತ್ರ. ನೋಂದಾಯಿಸಿಕೊಂಡಿಲ್ಲದಿದ್ದರೆ ವಿಶ್ವವಿದ್ಯಾಲಯದವರಿಂದ ಮೊದಲು ಪಡೆಯಬೇಕಾದ ಸಹಾಯ ಅದೇ, ಅರ್ಜಿ ತುಂಬಿಸಿಕೊಳ್ಳಿ.

ತಂಡ ಒಪ್ಪದಿದ್ದರೆ ಬೇರೆ ದಾರಿಯೂ ಇವೆ. ಬೆಂಗಳೂರಿನ ನೇಕಾರರ ಸೇವಾ ಕೇಂದ್ರ ಬಣ್ಣ ಹಾಕುವವರಿಗೆ ತರಬೇತಿ ಕೊಡುತ್ತದೆ. ಗದಗ-ಬೆಟಗೇರಿಯಲ್ಲಿ ಕೈಮಗ್ಗ ತಂತ್ರಜ್ಞಾನ ಸಂಸ್ಥೆ ಇದೆ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಮುದಾಯ ವಿಜ್ಞಾನ ಕಾಲೇಜಿನಲ್ಲಿ ಜವಳಿ ವಿಭಾಗ ಇದೆ. ಹೋಗುವ ಮೊದಲು ಫೋನ್ ಮಾಡಿ, ನಾನು ಮೇಲೆ ಹೇಳಿದ ಒದ್ದೆ ಒತ್ತಡದ ಪರೀಕ್ಷೆ ಮಾಡುತ್ತಾರೆಯೇ ಎಂದು ಕೇಳಿ. ಹೋಗುವಾಗ ಬಣ್ಣದವರನ್ನೂ ಕರೆದುಕೊಂಡು ಹೋಗಿ. ಅವರಿಲ್ಲದೆ ತಂದ ಸಲಹೆ ಅವರ ಮನೆಯ ಹೊಸ್ತಿಲು ದಾಟುವುದಿಲ್ಲ. ಸೋಪಿಂಗ್ ಮಾಡಿದ ನೂಲಿಗೆ ಲಡಿಗೆ ಇಷ್ಟು ಹೆಚ್ಚು ಕೊಡುತ್ತೇನೆ ಎಂದು ನೀವೇ ಮೊದಲು ಹೇಳಬೇಕು. ಡೈರೆಕ್ಟ್ ಬಣ್ಣದ ಮೇಲೆ ಫಿಕ್ಸರ್, ಅಂದರೆ ಬಣ್ಣ ಹಿಡಿದಿಡುವ ರಾಸಾಯನಿಕ, ಹಾಕಿ ಸುಧಾರಿಸುವ ದಾರಿಯೂ ಉಂಟು, ಅಗ್ಗವೂ ಹೌದು. ಅದರಿಂದ ಅಂಕ ಸ್ವಲ್ಪ ಏರುತ್ತದೆ, ಆದರೆ ಕೆಂಪು ಮಂಕಾಗಬಹುದು, ಬಿಸಿಲಿಗೆ ಬೇಗ ಮಾಸಬಹುದು. ತಿಳಿ ಒಡಲಿನ ಸೀರೆಗಂತೂ ನಾನು ಅದನ್ನು ನಂಬುವುದಿಲ್ಲ.

ಈಗ ಮಗ್ಗದ ಮೇಲಿರುವ ಸೀರೆಗಳನ್ನು ಏನು ಮಾಡುವುದು? ಕಳಿಸುವ ಮೊದಲು ಪ್ರತಿ ಸೆರಗಿನ ಒಳಮೂಲೆಯಲ್ಲಿ ಒದ್ದೆ ಬಿಳಿ ಬಟ್ಟೆ ಇಟ್ಟು, ಮೇಲೆ ಭಾರದ ಡಬ್ಬಿ ಹೇರಿ ನಾಲ್ಕು ಗಂಟೆ ಬಿಡಿ. ಬಿಳಿ ಬಟ್ಟೆ ಕೆಂಪಾದರೆ ಆ ಸೀರೆಯನ್ನು ಕಡುಬಣ್ಣದ ಒಡಲಿನದಾಗಿದ್ದರೆ ಮಾತ್ರ ಮಾರಿ, ಮೊದಲ ಒಗೆತ ಬೇರೆ ಮಾಡಿ, ನೆನೆಸಿಡಬೇಡಿ ಎಂದು ಹೇಳಿಯೇ ಮಾರಿ. ವಾಪಸ್ ಬಂದ ಮೂರು ಸೀರೆಯನ್ನು ಎಸೆಯಬೇಡಿ, ಒಗೆಯಲೂ ಬೇಡಿ. ಒಂದು ಲೀಟರ್ ಬಾಟಲಿಯಲ್ಲಿ ಬಣ್ಣದ ಮನೆಯ ಬೋರ್‌ವೆಲ್ ನೀರು ತುಂಬಿಸಿ, ಆ ಮೂರು ಸೀರೆ, ಅದೇ ಕೆಂಪಿನ ಒಂದು ಲಡಿ, ಇಷ್ಟನ್ನು ಕಟ್ಟಿಕೊಂಡು ಪ್ರಯೋಗಾಲಯಕ್ಕೆ ಹೋಗಿ.